ಖಾಲಿ ಸುತ್ತು

ಹಿಡಿಕೆ ಬಿಚ್ಚಿದ್ದು ಮಂಗಳವಾರ.
ಮಂಗಳವಾರ ಕಬ್ಬಿಣ ಬಿಚ್ಚಬಾರದು ಹಾಲೇಶಣ್ಣ
ಎಂದ ಪಕ್ಕದ ಶೆಡ್ಡಿನ ವೆಲ್ಡರ್ ಪಳನಿ.
ಅವನಿಗೆ ಯಾರು ಹೇಳಿದರೋ.
ಎರಡು ಅಲೆನ್ ಸ್ಕ್ರೂ, ಒಂದು ಪಿನ್ನು, ಅಷ್ಟೇ.
ಇಪ್ಪತ್ತೆರಡು ವರ್ಷ ನನ್ನ ಅಂಗೈ ಉಜ್ಜಿ
ಕನ್ನಡಿಯಾದ ಹಿಡಿಕೆ
ತೊಟ್ಟು ಕಳಚಿದ ಹಣ್ಣಿನಂತೆ ಕೈಗೆ ಬಂತು.
ಪಳನಿ ಗೇಟಿಗೆ ಬೇಕೆಂದು ಕೇಳಿದ. ಕೊಡಲಿಲ್ಲ.

ಅದರ ಜಾಗದಲ್ಲಿ ಈಗ ಕಪ್ಪು ಡಬ್ಬಿಯಂಥ ಮೋಟರು.
"ಇದು ಸುಮ್ನೆ ತಿರುಗೋದಿಲ್ಲ ಅಂಕಲ್, ಹೆಜ್ಜೆ ಹಾಕುತ್ತೆ"
ಎಂದಳು ರುಮಾನಾ, ಗೋಪಾಳದ ಹುಡುಗಿ,
ಡಿಪ್ಲೊಮಾ ಮೂರನೇ ವರ್ಷ,
"ಒಂದು ಮಿಲಿಮೀಟರಿಗೆ ಎಂಟುನೂರು ಹೆಜ್ಜೆ."
ಎಂಟುನೂರು!
ನಮ್ಮ ಆಟೋ ಕಾಂಪ್ಲೆಕ್ಸಿನಿಂದ
ಸಾಗರ ರಸ್ತೆಯ ಟೀ ಅಂಗಡಿಗೂ ಅಷ್ಟಿಲ್ಲ.

ಕಂಪ್ಯೂಟರು ನೆಹರೂ ರಸ್ತೆಯ
ಮುಚ್ಚಿಹೋದ ಸೈಬರ್ ಕೆಫೆಯದು.
ಯಾರ್ಯಾರು ಏನೇನು ಹುಡುಕಿದ್ದರೋ ಅದರಲ್ಲಿ,
ರಿಸಲ್ಟು, ರೈಲು, ಹೆಣ್ಣು, ಕೆಲಸ.
ಕೀಲಿಗಳ ಮೇಲೆ ಅರ್ಧ ಅಕ್ಷರಗಳಿಲ್ಲ.
ಅದು ನನ್ನ ಮಿಲ್ಲಿಂಗ್ ಮಿಷನ್ನಿಗೆ ಬುದ್ಧಿ ಹೇಳಬೇಕು.

ಮೊದಲೇ ಲೋಹ ಬೇಡವೆಂದು
ಚಕ್ಕಿಗೆ ಬಾಲ್‌ಪೆನ್ನು ಕಚ್ಚಿಸಿ
ಮದುವೆ ಕಾಗದದ ಬೆನ್ನ ಮೇಲೆ
ಒಂದು ಸೊನ್ನೆ ಬರೆಸಿದೆವು. ಬರೆಯಿತು.
ಸೊನ್ನೆಗೆ ನಾಲ್ಕು ಕಡೆ ಚಪ್ಪಟೆ,
ಬಸ್ಸಿನಲ್ಲಿ ಅಮುಕಿಸಿಕೊಂಡು ಬಂದ ಲಾಡಿನ ಹಾಗೆ.
ರುಮಾನಾ ತಂತಿ ನೋಡಿದಳು, ಲೆಕ್ಕ ನೋಡಿದಳು,
ಕನ್ನಡಕ ಒರೆಸಿಕೊಂಡಳು.

ನನಗೆ ಗೊತ್ತಿತ್ತು.
ಹೋದದ್ದು ಎಲ್ಲಿ ಹಿಂದಕ್ಕೆ ತಿರುಗುತ್ತದೋ ಅಲ್ಲೇ ಚಪ್ಪಟೆ.
ಸ್ಕ್ರೂ ಸವೆದಿದೆ, ನಟ್ಟು ಸವೆದಿದೆ.
ಮುಂದೆ ಹೋದ ಹಿಡಿಕೆಯನ್ನು ಹಿಂದೆ ತಿರುಗಿಸಿದರೆ
ಮೊದಲೊಂದಿಷ್ಟು ಬರೀ ಕೈ ತಿರುಗುತ್ತದೆ,
ಟೇಬಲ್ಲಿಗೆ ಸುದ್ದಿಯೇ ಮುಟ್ಟಿರುವುದಿಲ್ಲ.
"ಎಷ್ಟು ಖಾಲಿ, ಅಂಕಲ್?"
"ಇಷ್ಟು" ಎಂದೆ, ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿ.
"ಇಷ್ಟು ಅಂತ ಅದಕ್ಕೆ ಹೇಳೋಕಾಗಲ್ಲ."

ಸರಿ. ಡಯಲ್ ಗೇಜು ತಂದೆ.
ಅಯಸ್ಕಾಂತದ ಕಾಲೂರಿ, ತುದಿಯನ್ನು ಅಂಚಿಗೆ ತಾಗಿಸಿ
ಇಬ್ಬರೂ ಉಸಿರು ಹಿಡಿದು ಬಗ್ಗಿದೆವು.
ಮೋಟರು ಹಿಂದಕ್ಕೆ ಹೆಜ್ಜೆ ಹಾಕಿತು. ಮುಳ್ಳು ಅಲುಗಲಿಲ್ಲ.
ಇನ್ನೂ ಹಾಕಿತು. ಅಲುಗಲಿಲ್ಲ.
ನೂರ ಎಂಬತ್ತನಾಲ್ಕನೆಯ ಹೆಜ್ಜೆಗೆ
ನಿದ್ದೆಯಲ್ಲಿ ಯಾರೋ ಮಗ್ಗುಲಾದಂತೆ
ಒಂದು ಗೆರೆ ಜರುಗಿತು.
ಪಾಯಿಂಟ್ ಎರಡು ಮೂರು.
ಅವಳು ಪರದೆಯ ಸಣ್ಣ ಚೌಕದಲ್ಲಿ ಒತ್ತಿದಳು.
ಇಪ್ಪತ್ತೆರಡು ವರ್ಷದ ನನ್ನ ವಿದ್ಯೆ:
ಚುಕ್ಕೆ, ಎರಡು, ಮೂರು.

ಲೇತು ಅವನಿಗೆ, ಮಿಲ್ಲಿಂಗು ನನಗೆ ಎಂದು ಪಾಲಾದ ದಿನ
ಷಡ್ಡಕ ನಿಂಗರಾಜನಿಗೆ ಒಂದು ಮಾತು ಅಂದಿದ್ದೆ.
ಅದನ್ನು ವಾಪಸು ತಗೊಳ್ಳಲು ಆಮೇಲೆ
ಎರಡು ಸಲ ಭದ್ರಾವತಿಗೆ ಹೋದೆ,
ಅರ್ಧ ಕೆಜಿ ಜಹಾಂಗೀರು ಹಿಡಿದು.
ಅವನ ಮುಖ ಅಲುಗಲಿಲ್ಲ. ಬಂದುಬಿಟ್ಟೆ.
ಮೂರನೇ ಸಲ ಹೋಗಬೇಕಿತ್ತೋ ಏನೋ.
ನೂರ ಎಂಬತ್ತಮೂರಕ್ಕೇ ಕೈ ಬಿಟ್ಟೆನೋ ಏನೋ.

ಈಗ ಸೊನ್ನೆ ದುಂಡಗಿದೆ.
ದುರ್ಗಿಗುಡಿಯ ಶಾಂಭವಿಯಮ್ಮನ ಚಕ್ಕುಲಿ ಒರಳಿಗೆ
ಹಿತ್ತಾಳೆ ಬಿಲ್ಲೆಗಳು, ನಕ್ಷತ್ರದ ತೂತು, ದಿನಕ್ಕೆ ಹನ್ನೆರಡು.
ಮೊನೆಯ ಒಳಕ್ಕೆ ಕಟರು ಹೋಗುವುದಿಲ್ಲ, ಅದರ ಮೈ ದುಂಡು.
ಮೂಲೆಗಳನ್ನು ನಾನೇ ಮೂರುಮೂಲೆ ಅರದಿಂದ ತೀಡುತ್ತೇನೆ.
ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ಕರೆಂಟು ಹೋದರೆ ಮಾತ್ರ ಕಷ್ಟ.
ಬಂದ ಮೇಲೆ ಅದು ನಿಂತ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ,
ಅರ್ಧ ಕೊರೆದ ನಕ್ಷತ್ರದ ನಡುವೆ,
ಹುಟ್ಟಿದ್ದೇ ಇಲ್ಲಿ ಎಂಬಂತೆ.
ರುಮಾನಾ ಮೆಸ್ಕಾಂನವರನ್ನು ಬೈದು
ಅಂಚು ಹುಡುಕಿ ಮತ್ತೆ ಲೆಕ್ಕ ಕೊಡುತ್ತಾಳೆ.

ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು
ಖಾಕಿ ಜೇಬಿನಲ್ಲಿ ಕೈಯಿಟ್ಟು ಕೂತಿರುತ್ತೇನೆ.
ಟೇಬಲ್ಲು ಹೋಗುತ್ತದೆ, ಬರುತ್ತದೆ.
ಅದು ಹಿಂದಿರುಗುವಾಗೆಲ್ಲ
ಜೇಬಿನೊಳಗೆ ನನ್ನ ಮಣಿಕಟ್ಟು
ಒಂದಿಷ್ಟು ಖಾಲಿ ತಿರುಗುತ್ತದೆ.
ಹುಡುಗಿ ನೋಡುತ್ತಾಳೆ.
ಮತ್ತೆ ಪರದೆ ನೋಡುತ್ತಾಳೆ.