ಸಿಹಿನೀರಿನ ತುಕ್ಕು

ಹಗಲು ನಾನು ಹಲ್ಲು ಮಾಡುವವ.
ಫಳ್ನೀರಿನ ಇಳಿಜಾರಲ್ಲಿ, ಮೆಡಿಕಲ್ ಶಾಪಿನ ಮೇಲೆ,
ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು
ಯಾರದೋ ಬಾಯಿಯ ಖಾಲಿ ಜಾಗವನ್ನು
ದಿನವಿಡೀ ನೋಡುವವ.

ರಾತ್ರಿ ಅದೇ ಬೆಂಚು, ಅದೇ ದೀಪ, ಅದೇ ಚಿಮಟ.
ಮುಂದೆ ಒಂದು ಟ್ಯಾಂಕು, ಮೂವತ್ತೈದರಲ್ಲಿ ಒಂದು ಪಾಲು.
ಹೆಸರಿಲ್ಲ ಅದಕ್ಕೆ, ಬರೀ ನಂಬರು.
ಚಳಿದೇಶದ ಯಾವುದೋ ಕಾರ್ಖಾನೆ
ಒಂದೇ ಒಂದು ಕಟ್ಟಿ, ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ,
ಸೇತುವೆಗಳು ಹೊರಲಾರವು ಎಂದು ಷರಾ ಬರೆದು
ಶೆಡ್ಡಿನ ಹಿಂದೆ ನಿಲ್ಲಿಸಿಬಿಟ್ಟಿತಂತೆ.
ನೂರಿಪ್ಪತ್ತು ಟನ್ನು!
ಕೂಳೂರಿನ ಹಳೇ ಸೇತುವೆಗೆ ಸುದ್ದಿ ಮುಟ್ಟಿದರೂ ಸಾಕು,
ಕಂಬ ನಡುಗೀತು.
ಈಗ ನನ್ನ ಅಂಗೈಯಲ್ಲಿ
ಎರಡು ಬಂಗುಡೆಯ ಭಾರ.

ಕಟ್ಟುವುದು ಸುಲಭ: ಅಂಟು, ಅರ, ಸಹನೆ.
ಹಳತು ಮಾಡುವುದು ಕಷ್ಟ.
ಮೊದಲು ತುಕ್ಕಿನ ಬಣ್ಣ. ಅದರ ಮೇಲೆ ಹೇರ್‌ಸ್ಪ್ರೇ
(ನಾದಿನಿಯ ರೋಸಿಗೆ ತಂದದ್ದು, ಅರ್ಧ ಉಳಿದಿತ್ತು),
ಅದರ ಮೇಲೆ ಹಸಿರು.
ಒಣಗಿದ ಮೇಲೆ ನೀರು ಮುಟ್ಟಿಸಿ
ಸವೆದ ಟೂತ್‌ಬ್ರಷ್ಷಿನಿಂದ, ಮೆಲ್ಲ,
ಮಗುವಿನ ಹಾಲುಹಲ್ಲು ಉಜ್ಜಿದ ಹಾಗೆ.
ಹಸಿರು ಚಕ್ಕೆಚಕ್ಕೆಯಾಗಿ ಏಳುತ್ತದೆ,
ಅಡಿಯಿಂದ ತುಕ್ಕು ಇಣುಕುತ್ತದೆ,
ನಾನೇ ಇಟ್ಟದ್ದು, ಈಗಷ್ಟೇ ಸಿಕ್ಕಿತೆಂಬಂತೆ.

ತುಕ್ಕು ನೋಡಲಿಕ್ಕೆಂದೇ ಬಂದರಿಗೆ ಹೋದೆ,
ಇದಿನಬ್ಬರ ಗುಜರಿಗೆ.
ಲಂಗರು, ಟ್ರಾಲರಿನ ವಿಂಚು, ತೂತುಬಿದ್ದ ಶೀಟು.
ಫೋನಲ್ಲಿ ನನ್ನ ಟ್ಯಾಂಕಿನ ಫೋಟೋ ತೋರಿಸಿದೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.
"ಇದು ಎಲ್ಲಿಯದ್ದು? ಅಲ್ಲಿ ಕಡಲುಂಟಾ?"
ಇಲ್ಲ ಎಂದೆ.
"ಹಾಗಾದರೆ ಸುಳ್ಳು. ನೀವು ಕೊಟ್ಟದ್ದು ಉಪ್ಪಿನ ತುಕ್ಕು.
ಉಪ್ಪು ಕಬ್ಬಿಣವನ್ನು ಪದರ ಪದರ ಬಿಡಿಸ್ತದೆ, ಪತ್ರೊಡೆಯ ಹಾಗೆ.
ಮಳೆನೀರು ಹಾಗಲ್ಲ. ಕೂತಲ್ಲೇ ಕೂತು, ಕಂದಿ,
ತೆಳ್ಳಗೆ ಇಳೀತದೆ.
ಸಿಹಿನೀರಿಗೆ ಅವಸರ ಇಲ್ಲ, ಮಾರಾಯ್ರೆ."

ಮೂರು ವಾರದ ಕೆಲಸ ಕೆರೆದು ತೆಗೆದೆ.
ಹೆಂಚಿನ ಪುಡಿಯನ್ನೂ ಒರೆಸಿದೆ,
ಅಲ್ಲಿಯ ಕೆಸರು ಇಷ್ಟು ಕೆಂಪಿರಲಿಕ್ಕಿಲ್ಲ;
ಗೆರಟೆ ಸುಟ್ಟ ಮಸಿ ಬೆರೆಸಿದೆ.
ಗುಂಡಿನ ಗಾಯ ಬೇಡ. ಅದಕ್ಕೆ ಗುರಿಯಿಟ್ಟವರಿಲ್ಲ.
ಮತ್ತೆ ಏನು ಹಾಕಲಿ?
ಚಕ್ರದ ಅಡಿಗೆ ನಾಲ್ಕು ಸುತ್ತಿನ ಕೆಸರು.
ಮುಚ್ಚಳದ ಅಂಚಲ್ಲಿ, ಪರೀಕ್ಷೆ ಮಾಡಿದವ
ಹತ್ತಿ ಇಳಿದ ಬೂಟಿನ ಸವೆತ.
ಚಪ್ಪಟೆ ಬೆನ್ನ ಮೇಲೆ ಮಳೆ ನಿಂತು ನಿಂತು ಆದ ಒಂದು ಕಲೆ.
ಈ ಕಲೆಗೇ ನಾಲ್ಕು ರಾತ್ರಿ ಹಿಡಿಯಿತು.

ನಡುವೆ ಒಂದು ಬುಧವಾರ ಬೊಕ್ಕಪಟ್ಣದ ಅಪ್ಪಿ ಕರ್ಕೇರ್ತಿ
ಹೊಸ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಮೆಟ್ಟಿಲು ಹತ್ತಿ ಬಂದರು.
"ಇದೆಂತ, ಬಾತ್‌ರೂಮಿನ ಟೈಲ್ಸಾ?
ನಲವತ್ತು ವರ್ಷ ಎಲೆ ಜಗಿದ ಬಾಯಿ ನನ್ನದು.
ಒಂದು ಇಷ್ಟು ಬಿಳಿ ಇದ್ರೆ ಉಳಿದವಕ್ಕೆ ನಾಚಿಕೆ."
ಕಂದು ಬೆರೆಸಿದೆ, ಬುಡಕ್ಕೆ ತುಸು ಹಳದಿ,
ಅಂಚಿಗೆ ಕೂದಲೆಳೆಯಷ್ಟು ಒಂದು ಬಿರುಕು.
ಕನ್ನಡಿಯಲ್ಲಿ ನಕ್ಕು, ಯಾವುದು ಹೊಸದು ಎಂದು
ನನ್ನನ್ನೇ ಕೇಳಿದರು.
ಒಂದು ಗಳಿಗೆ ನನಗೂ ಹೊಳೆಯಲಿಲ್ಲ.

ಹೋಗುವಾಗ ಬೆಂಚಿನತ್ತ ಗಲ್ಲ ತೋರಿಸಿ,
"ಇದು ಯಾವ ಯುದ್ಧದ್ದು?"
"ಯಾವುದಕ್ಕೂ ಹೋಗಲಿಲ್ಲ."
"ಒಳ್ಳೆದಾಯ್ತು," ಅಂದರು, ಚಪ್ಪಲಿ ಹುಡುಕುತ್ತ,
"ಮುದಿಯಾಗ್ಲಿಕ್ಕೆ ಸಿಕ್ಕಿತಲ್ಲ ಅದಕ್ಕಾದ್ರೂ."

ಈಗ ಆಗಸ್ಟ್. ಗಾಳಿ ಕಿಟಕಿಯ ಸರಳು ತಿನ್ನುತ್ತಿದೆ.
ಟ್ಯಾಂಕಿನ ಮೈಯೆಲ್ಲ ಪ್ಲಾಸ್ಟಿಕ್ಕು,
ಎಳೆಯುವ ಕೊಕ್ಕೆ ಮಾತ್ರ
ಗುಂಡುಸೂಜಿ ಬಗ್ಗಿಸಿ ಮಾಡಿದ್ದು.
ನಿನ್ನೆ ಧೂಳು ಒರೆಸುವಾಗ ನೋಡಿದೆ:
ಅಲ್ಲೊಂದು ಕಿತ್ತಳೆ ಚುಕ್ಕೆ.
ನಾನು ಹಚ್ಚಿದ್ದಲ್ಲ. ಉಪ್ಪಿನದ್ದು.
ಇದಿನಬ್ಬರಿಗೆ ತೋರಿಸಬೇಕು.
ಬೈದಾರು.