ಹಸಿರು ಗೇಟು, ಬೆಲ್ ಕೆಟ್ಟಿದೆ

ಮಂಡ್ಯದ ಗುತ್ತಲು ರಸ್ತೆ. ನನ್ನ ಜೆರಾಕ್ಸ್ ಅಂಗಡಿಯ
ಷಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಮೂವರು.
ಮೂವರ ಮೊಬೈಲಿನಲ್ಲೂ ಒಂದೇ ಮೆಸೇಜು:
‘ತಕ್ಕಡಿ’ ಆ್ಯಪಿನ ಪ್ರೀತಿಯ ಗ್ರಾಹಕರೇ,
ನಿಮ್ಮ ಕೆಲವು ವಿವರಗಳು ಹೊರಗೆ ಹೋಗಿರಬಹುದು.
ವಿಷಾದಿಸುತ್ತೇವೆ.

‘ಓಗಿರಬೌದು ಅಂದ್ರೆ ಏನ್ಲಾ?’
ಕೆಂಪಾಜಮ್ಮ ಕೇಳಿದಳು.
‘ದನ ತಪ್ಪಿಸ್ಕಂಡ್ರೆ ಓಗಿರಬೌದು ಅಂತೀವಾ?
ಓಯ್ತು ಅಂತೀವಿ.
ಅಗ್ಗ ಇಡ್ಕಂಡು ಉಡುಕಕ್ಕೆ ಓಯ್ತೀವಿ.’

ಆ ಕಂಪನಿ ಎಲ್ಲಿದೆಯೋ ನನಗೂ ಗೊತ್ತಿಲ್ಲ.
ಈ ಬೀದಿಯ ಪಾರ್ಸಲ್ಲು ನನ್ನಲ್ಲಿ ಇಳಿಯುತ್ತವೆ, ಅಷ್ಟೆ;
ಒಂದಕ್ಕೆ ಎಂಟು ರೂಪಾಯಿ.
ಬೈಯಲು ಒಂದು ಮುಖ ಬೇಕಲ್ಲ,
ಸಿಕ್ಕಿದ್ದು ನನ್ನದು.

ಶಿವನಂಜಯ್ಯ ಮೇಷ್ಟ್ರು ಆ ಮೆಸೇಜನ್ನೇ
ನಾಲ್ಕು ಪ್ರತಿ ಪ್ರಿಂಟ್ ಹಾಕಿಸಿದರು.
ಒಂದು ಪೊಲೀಸಿಗೆ, ಒಂದು ಬ್ಯಾಂಕಿಗೆ, ಒಂದು ಫೈಲಿಗೆ.
ನಾಲ್ಕನೆಯದು ಯಾರಿಗೆ ಕೊಡಬೇಕೋ ತಿಳಿಯದೆ
ನನ್ನ ಮೇಜಿನ ಮೇಲೆ ಬಿಟ್ಟುಹೋದರು,
ಚಿಲ್ಲರೆಯ ಜೊತೆಗೆ.

ಟೀ ಅಂಗಡಿಯ ಬೋರಲಿಂಗನಿಗೆ ನಗು:
‘ನನ್ ಅಕೌಂಟಲ್ಲಿ ಐತೆ ನೂರಾ ಅನ್ನೊಂದು ರೂಪಾಯಿ.
ಕದಿಯಕ್ಕೆ ಬಂದೋನು ಅಯ್ಯೋ ಪಾಪ ಅಂತ
ಮೇಲೊಂದ್ ಅತ್ತು ಆಕ್ಬುಟ್ಟು ಓಯ್ತಾನೆ.’
ಬೀದಿಯೆಲ್ಲ ನಕ್ಕಿತು.
ಮಧ್ಯಾಹ್ನ ಯಾರೂ ಇಲ್ಲದಾಗ ಬಂದ:
‘ಅಣ್ಣ, ಪಾಸ್‌ವರ್ಡ್ ಬದ್ಲಾಯ್ಸೋದು ಎಂಗೆ?’

ಟೈಲರ್ ತಸ್ಲೀಮಾಗೆ ಫೋನೇ ಬಂದಿತ್ತು.
ಯಾರೋ ಹೆಸರು ಹಿಡಿದು ಕರೆದನಂತೆ,
ಮನೆಯ ಗುರುತು ಓದಿ ಹೇಳಿದನಂತೆ:
ಹಸಿರು ಗೇಟು, ಬೆಲ್ ಕೆಟ್ಟಿದೆ, ಜೋರಾಗಿ ಕೂಗಿ.
‘ಏಳನೇ ನಂಬರಿನ ಚಪ್ಪಲಿ ವಾಪಸ್ ಮಾಡಿದ್ರಲ್ಲ ಮೇಡಂ,
ಕಚ್ತಿತ್ತಾ?’
ಹನ್ನೆರಡು ವರ್ಷ ಸಂಸಾರ ಮಾಡಿದವನು
ಒಂದು ದಿನ ಕೇಳಲಿಲ್ಲ ನನ್ನ ಕಾಲಿನ ಅಳತೆ,
ಅಂದಳು. ನಕ್ಕಳು. ಆಮೇಲೆ ಸ್ಟೂಲಿನ ಮೇಲೆ ಕೂತಳು.
ಓಟಿಪಿ ಕೊಡಲಿಲ್ಲ ಅಣ್ಣ,
ಆದರೆ ಫೋನು ತಕ್ಷಣ ಇಡಲೂ ಇಲ್ಲ.

ಅವಳಿಗೆ ನಾನು ಹೇಳದೆ ಉಳಿಸಿಕೊಂಡದ್ದು:
ನನಗೂ ಗೊತ್ತು.
ಡಬ್ಬಿಯ ತೂಕದಿಂದ, ಅಲುಗಿಸಿದರೆ ಬರುವ ಸದ್ದಿನಿಂದ
ಆರು ವರ್ಷದಲ್ಲಿ ಕೈ ಓದು ಕಲಿತಿದೆ.
ಯಾವ ಮೇಷ್ಟ್ರ ತಲೆಗೆ ತಿಂಗಳಿಗೊಮ್ಮೆ ಕಪ್ಪು,
ಯಾರ ಮನೆಗೆ ದೊಡ್ಡವರ ಡಯಾಪರು,
ಏಪ್ರಿಲ್ಲಿನ ಉರಿಬಿಸಿಲಲ್ಲಿ
ಯಾವ ಹೆಣ್ಣುಮಗಳ ಹೆಸರಿಗೆ ಮೂರು ಹತ್ತಿಯ ಟೋಪಿ,
ತಲೆಗೆ ಮೆತ್ತಗಿರುವಂಥವು.
ದೀಪಾವಳಿಯ ಹೊತ್ತಿಗೆ ಅದೇ ಹೆಸರಿಗೆ
ಒಂದು ಬಾಚಣಿಗೆ ಬಂತು.
ಅವತ್ತು ಅಂಗಡಿ ಮುಚ್ಚಿ ನಾನೇ ಹೋಗಿ ಕೊಟ್ಟುಬಂದೆ.

ಯಾರೂ ಕೇಳಲಿಲ್ಲ, ಹೇಳಲಿಲ್ಲ.
ಗುಟ್ಟು ಕಾಯುವುದೆಂದರೆ ನನಗೆ ತಿಳಿದದ್ದು ಇಷ್ಟೇ:
ಚೀಟಿಯ ಮುಖ ಗೋಡೆಗೆ ತಿರುಗಿಸಿ ಇಡುವುದು.

ಸಂಜೆ ಸಕ್ಕರೆ ಕಾರ್ಖಾನೆ ಕಡೆಯಿಂದ
ಕಾಕಂಬಿಯ ವಾಸನೆ ಬೀದಿಗೆ ಇಳಿಯಿತು.
ಅಷ್ಟೆತ್ತರದ ಕಾಂಪೌಂಡು, ಗೇಟಿಗೊಬ್ಬ ಕಾವಲುಗಾರ,
ಆದರೂ.

ಎಲ್ಲರೂ ಆ್ಯಪ್ ಅಳಿಸಿದರು, ಆಣೆ ಹಾಕಿ.
ಗುರುವಾರ ಏಳು ಪಾರ್ಸಲ್ಲು ಬಂದವು.
ಒಂದು ಎಮ್ಮೆಯ ಹೆಸರಿಗೆ;
ಕೆಂಪಾಜಮ್ಮ ಬಂದು ಸಹಿ ಹಾಕಿದಳು:
‘ಫೋನ್ ಮಾಡ್ಲಿ ಕಳ್ ನನ್ಮಕ್ಳು,
ಅವಳೇ ಮಾತಾಡ್ತಾಳೆ.’

ಇನ್ನೊಂದು ತಸ್ಲೀಮಾದು.
ಗೇಟಿಲ್ಲ ಅದರ ಮೇಲೆ, ಬಣ್ಣವಿಲ್ಲ, ಬೆಲ್ಲಿಲ್ಲ.
ಹೆಸರಿನ ಕೆಳಗೆ ಒಂದೇ ಸಾಲು:
ಜೆರಾಕ್ಸ್ ಅಂಗಡಿಯವರ ಕೈಗೇ ಕೊಡಿ.

ಕೈ ಅಭ್ಯಾಸಬಲದಿಂದ ಅಲುಗಿಸಲು ಹೋಯಿತು.
ತಡೆದೆ.
ಅಳತೆ ಸರಿಹೋಯಿತೋ ಇಲ್ಲವೋ
ಅವಳ ಕಾಲಿಗೆ ಗೊತ್ತಾದರೆ ಸಾಕು.