ಪೊಳ್ಳು

ಐದೂವರೆಗೆ ಲ್ಯಾಬಿಗೆ ಬೀಗ ಹಾಕಬೇಕು ನಾನು.
ಆರೂ ಇಪ್ಪತ್ತು. ಇನ್ನೂ ಮೂವರು ಎದ್ದಿಲ್ಲ.
ಕಿಟಕಿಯಾಚೆ ವಾಸ್ಕೋ ಬಂದರಿನ ಕ್ರೇನು
ಬಾರ್ಜಿನ ಮೇಲೆ ಕತ್ತು ಬಗ್ಗಿಸಿ ನಿಂತಿದೆ,
ಕನ್ನಡಕ ಮರೆತು ಬಂದವರ ಹಾಗೆ.

ಪರದೆಯ ಮೇಲೆ ಹಾಡು ಅಂಗಾತ ಮಲಗಿದೆ.
ಐವತ್ತು ವರ್ಷದ ಹಿಂದೆ ನಾಲ್ಕು ಜನ ಉದ್ದಗೂದಲಿನವರು
ಯಾವುದೋ ಚಳಿದೇಶದ ನೆಲಮಾಳಿಗೆಯಲ್ಲಿ
ಬೆವರಿ ಬೆವರಿ ಕೂಗಿದ ಹಾಡು.
ಈಗ ಹಸಿರು ಪಟ್ಟಿ ಗಿಟಾರು, ನೀಲಿ ಬೇಸು,
ಕೇಸರಿ ಕಂಠ, ಎಲ್ಲಕ್ಕೂ ಕೆಳಗೆ ಬೂದು ಡ್ರಮ್ಮು.
ಮೀನುಪೇಟೆಯ ಹಲಗೆ ಮೇಲಿನ ಇಸವಣ:
ತಲೆ ಬೇರೆ, ತುಂಡು ಬೇರೆ, ಮುಳ್ಳು ಬೇರೆ.

ಹಳೆಯದೊಂದು ತೆಗೆದುಕೊಳ್ಳಿ, ಹೊಸದಾಗಿ ಜೋಡಿಸಿ,
ಹತ್ತೊಂಬತ್ತಕ್ಕೆ ಒಪ್ಪಿಸಿ ಅಂದಿದ್ದಾರೆ ಮೇಡಮ್ಮು.

ಜೊವಿಟಾ ಕಂಠ ಒಂದನ್ನೇ ಬಿಟ್ಟು ಉಳಿದದ್ದೆಲ್ಲ ಮುಚ್ಚಿದಳು.
ಆಗ ಕೇಳಿಸಿತು,
ಪಲ್ಲವಿಗೆ ಮುಂಚೆ ಅವನು ಎಳೆದುಕೊಂಡ ಉಸಿರು,
ಎಲ್ಲೋ ಕುರ್ಚಿ ಕಿರ್ ಎಂದದ್ದು,
ಯಾರೋ ಕೆಮ್ಮು ನುಂಗಿಕೊಂಡದ್ದು.
ಇದನ್ನೆಲ್ಲ ಒರೆಸಬಹುದು ಅಂದಳು. ಒರೆಸಲಿಲ್ಲ.
ಆ ಕೆಮ್ಮಿದವನು ಈಗ ಇದ್ದಾನೋ ಇಲ್ಲವೋ.

ತಪ್ಪು ಹಿಡಿದವನು ಶಾಂಬಾ:
ಡ್ರಮ್ಮಿನವನು ಓಡ್ತಾನೆ ನೋಡಿ, ಪಲ್ಲವಿ ಬಂದಾಗೆಲ್ಲ.
ನಿಜ. ಗೆರೆ ಇಲ್ಲಿದ್ದರೆ ಅವನ ಪೆಟ್ಟು ಕೂದಲೆಳೆ ಮುಂದೆ,
ಅಪ್ಪನ ಬೆರಳು ಬಿಡಿಸಿಕೊಂಡ ಹುಡುಗ.
ಶಾಂಬಾ ಎಲ್ಲವನ್ನೂ ಆರಿಸಿ ಒಂದು ಗುಂಡಿ ಒತ್ತಿದ.
ಸಾವಿರದ ಚಿಲ್ಲರೆ ಪೆಟ್ಟುಗಳು
ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳಂತೆ
ತಂತಮ್ಮ ಗೆರೆಗೆ ಬಂದು ಕೈಕಟ್ಟಿದವು.

ಕೇಳಿದೆವು. ಏನೂ ತಪ್ಪಿಲ್ಲ.
ಏನೂ ತಪ್ಪಿಲ್ಲ ಎಂಬುದೇ ಕೇಳಿಸುತ್ತಿತ್ತು.

ಮೂಲೆಯಲ್ಲಿದ್ದ ಮೌನೇಶ ಆಗ ಬಾಯಿಬಿಟ್ಟ.
ಝುವಾರಿನಗರದ ಹುಡುಗ; ಅಪ್ಪ ಬಾದಾಮಿ ಕಡೆಯಿಂದ ಬಂದು
ಇಲ್ಲಿನ ಎಷ್ಟೋ ಹೋಟೆಲುಗಳಿಗೆ ಟೈಲ್ಸ್ ಕೂರಿಸಿದವ.
ನನ್ನೊಡನೆ ಕನ್ನಡ, ಅದೂ ಬಾಗಿಲ ಹತ್ತಿರ, ಮೆಲ್ಲಗೆ.
ಇವತ್ತು ಎಲ್ಲರೆದುರೇ ಅಂದುಬಿಟ್ಟ:
"ಪೊಳ್ಳು ಐತ್ರಿ ಇದು."

ಹಾಗಂದರೆ? ಜೊವಿಟಾ ತಿರುಗಿದಳು.
ಅವನಿಗೆ ಆ ಮಾತು ಕೊಂಕಣಿಯಲ್ಲಿ ಸಿಗಲಿಲ್ಲ,
ಇಂಗ್ಲಿಷಿನಲ್ಲಂತೂ ಹುಡುಕಲೇ ಇಲ್ಲ.
ನನ್ನ ಕೈಲಿದ್ದ ಬೀಗ ಇಸಕೊಂಡು ಕುಕ್ಕರಗಾಲಲ್ಲಿ ಕೂತು
ನೆಲ ಬಡಿದ. ಟಕ್. ಟಕ್. ಟಕ್.
ಮೇಜಿನ ಕಾಲ ಹತ್ತಿರ, ಡಬ್.
"ಸಾಲು ನೆಟ್ಟಗ ಐತಿ, ಮಟ್ಟ ಸರಿ ಐತಿ,
ಕೆಳಗ ಗಾರಿ ಹತ್ತಿಲ್ಲ. ಗಾಳಿ ಉಳದೈತಿ.
ಎಲ್ಲಾ ಕೂರಿಸಿದ ಮ್ಯಾಲ ಅಪ್ಪ
ಬಡದ ಬಡದ ಕೇಳತಾನ.
ಕಣ್ಣಿಗೆ ಗೊತ್ತಾಗಂಗಿಲ್ಲ ಅಂತಾನ."

ಇಪ್ಪತ್ತು ವರ್ಷ ಈ ನೆಲ ಗುಡಿಸಿದ್ದೇನೆ.
ಆ ಡಬ್ ನನಗೆ ಕೇಳಿಸಿರಲಿಲ್ಲ.

ನಾನೇ ಅವರಿಗೆ ತಿರುಗಿಸಿ ಹೇಳಿದೆ, ಅರ್ಧಂಬರ್ಧ.
ಮತ್ತೆ ಈ ಯಂತ್ರ ಯಾಕಿದೆ ಅಂತ ಶಾಂಬಾ ರೇಗಿದ.
ಜೊವಿಟಾ ಹಿಂದಕ್ಕೆ ಹೋಗುವ ಬಾಣ ಒತ್ತಿದಳು.
ಸಾಲು ಮುರಿಯಿತು. ಪೆಟ್ಟುಗಳು
ತಮ್ಮ ತಮ್ಮ ಅವಸರಕ್ಕೆ ಮರಳಿದವು.

ಆಮೇಲೆ ಉಲ್ಟಾ ಕೆಲಸ ಶುರು:
ಡ್ರಮ್ಮನ್ನು ಬಿಟ್ಟು ಗೆರೆಗಳನ್ನೇ ಎಳೆದೆಳೆದು
ಅವನ ಕಾಲಡಿಗೆ ಒಂದೊಂದಾಗಿ ಇಟ್ಟರು,
ಏಳೂ ಮುಕ್ಕಾಲಿನ ತನಕ.
ಮುನಿಸಿನಲ್ಲೇ ಶಾಂಬಾ ಗಿಟಾರಿನ ಒಂದು ನರಳಾಟ ಕತ್ತರಿಸಿ
ನಾಲ್ಕು ಕಡೆ ಅಂಟಿಸಿದ; ಎರಡು ಕಡೆ ಹೊಂದಿತು.
ಮೌನೇಶ ನೆಲದ ಆ ಡಬ್ ಸದ್ದನ್ನು ಮೊಬೈಲಿನಲ್ಲಿ ಹಿಡಿದು
ಮೂರನೇ ಚರಣದಲ್ಲೆಲ್ಲೋ ಹೂತಿಟ್ಟ,
ಒಂದೇ ಒಂದು ಸಲ.

ಹಾಡು ಚೆನ್ನಾಯಿತೋ, ನಾನು ಹೇಳಲಾರೆ.
ಚಹಾ ಆರಿತ್ತು, ಕುಡಿದರು.
ಮೌನೇಶ ಬೀಗ ವಾಪಸು ಕೊಟ್ಟ, ಬೆಚ್ಚಗಿತ್ತು.

ಬಾಗಿಲು ಎಳೆದುಕೊಂಡೆ.
ವರಾಂಡದಲ್ಲಿ ಯಾರೂ ಇಲ್ಲವೆಂದು ನೋಡಿ
ಹಿಮ್ಮಡಿಯಿಂದ ಒಂದೊಂದೇ ಟೈಲು ಬಡಿಯುತ್ತ
ಮೆಟ್ಟಿಲವರೆಗೆ ಹೋದೆ.
ಆರು ಪೊಳ್ಳು.
ನಾನು ದಿನಾ ನಿಲ್ಲುವ ಜಾಗ ಸೇರಿಸಿದರೆ ಏಳು.